ಒಡ್ಡಿನ ಕೆಳಗೆ ಮಲಗಿದವರು

ಅಣೆಕಟ್ಟುಗಳಿಗೆ ಅಪಾಯದ ದರ್ಜೆ ಕೊಡುವ ಪದ್ಧತಿಯಲ್ಲಿ ಒಂದು ವಿಚಿತ್ರವಿದೆ. ‘ಹೆಚ್ಚು ಅಪಾಯ’ ಎಂದು ಬರೆದ ಮಾತ್ರಕ್ಕೆ ಒಡ್ಡು ಬಿರುಕು ಬಿಟ್ಟಿದೆ ಎಂದಲ್ಲ. ಅದು ಒಡೆದರೆ ಕೆಳಗೆ ಜೀವ ಹೋಗುತ್ತದೆ ಎಂದಷ್ಟೇ ಅರ್ಥ. ನಿನ್ನೆಯವರೆಗೆ ಕಡಿಮೆ ಅಪಾಯದ್ದಾಗಿದ್ದ ಮಣ್ಣಿನ ಒಡ್ಡು, ಒಂದು ಬುಟ್ಟಿ ಮಣ್ಣೂ ಕದಲದೆ, ಹಳ್ಳದ ದಂಡೆಯಲ್ಲಿ ನಾಲ್ಕು ಮನೆ ಎದ್ದರೆ ಹೆಚ್ಚು ಅಪಾಯದ್ದಾಗುತ್ತದೆ. ಅಮೆರಿಕದಲ್ಲಿ 1954ರ ಕಾಯ್ದೆಯಡಿ ಹೊಲಗಳನ್ನು ನೆರೆಯಿಂದ ಕಾಯಲು ಕಟ್ಟಿದ ಸಾವಿರಾರು ಸಣ್ಣ ಒಡ್ಡುಗಳಲ್ಲಿ ಎಷ್ಟೋ ಹೀಗೆಯೇ ದರ್ಜೆ ಬದಲಿಸಿವೆ.

ಹಾಗಾದರೆ ಹೊಣೆ ಯಾರದು, ಮೊದಲು ಕಟ್ಟಿದವರದೋ, ನಂತರ ಬಂದವರದೋ?

‘ಅಲ್ಲಿ ಮನೆ ಕಟ್ಟು ಅಂತ ಯಾರು ಹೇಳಿದ್ದರು?’ ರೋಣ, ನರಗುಂದದ ಕಡೆ 2009ರಲ್ಲಿ, ಮತ್ತೆ 2019ರಲ್ಲಿ ಮಲಪ್ರಭೆ, ಬೆಣ್ಣಿಹಳ್ಳಗಳು ಉಕ್ಕಿದಾಗಲೂ ಈ ಮಾತು ಕೇಳಿತ್ತು. ಕೊಣ್ಣೂರು, ಹೊಳೆಆಲೂರಿನ ಜನ ಹೊಳೆಯ ಪಕ್ಕ ಯಾಕಿದ್ದಾರೆ, ಆಸರೆ ಮನೆ ಕೊಟ್ಟರೂ ಹಳೆಯ ಊರು ಯಾಕೆ ಬಿಡುವುದಿಲ್ಲ ಎಂದು. ಹೊಲ, ದನ, ದೇವರು ಎಲ್ಲ ಇರುವುದು ಅಲ್ಲೇ ಎಂಬ ಉತ್ತರ ಕೇಳುವವರಿಗೆ ಸಾಕೆನಿಸುವುದಿಲ್ಲ. ಆದರೂ ಹೊಳೆಗಿಂತ ಒಡ್ಡಿನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಅನ್ಯಾಯದ್ದು. ಹೊಳೆ ಆಗಾಗ ತನ್ನ ಗುಣ ತೋರಿಸುತ್ತದೆ. ಒಡ್ಡು ಬಿದ್ದ ಹಳ್ಳ ಮಾತ್ರ ಹತ್ತಿಪ್ಪತ್ತು ವರ್ಷ ಸುಮ್ಮನಿರುತ್ತದೆ. ಗಜೇಂದ್ರಗಡದ ಗುಡ್ಡದಿಂದ ಇಳಿದ ಮಳೆನೀರು ಒಡ್ಡಿಗೆ ಬಂದು ನಿಂತರೆ ಕೆಳಗಿನ ದಂಡೆ ಒಣಗಿರುತ್ತದೆ, ಅಗ್ಗವಾಗಿರುತ್ತದೆ. ಜಾಗವಿಲ್ಲದವರು ಬರುವುದು ಅಲ್ಲಿಗೇ. ಒಡ್ಡು ಚೆನ್ನಾಗಿ ಕೆಲಸ ಮಾಡಿದ್ದೇ ಅವರನ್ನು ಕರೆದದ್ದು. ಕರೆದವರೇ ‘ನೀವ್ಯಾಕೆ ಬಂದಿರಿ’ ಎಂದು ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಕಾಯ್ದೆಯ ಕಣ್ಣು ಎತ್ತರದ ಮೇಲಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರಿನ ನಡುವಿನವು ಉದ್ದ, ಸಂಗ್ರಹ ಮುಂತಾದ ಕೆಲವು ಷರತ್ತುಗಳಲ್ಲಿ ಒಂದಕ್ಕಾದರೂ ಹೊಂದಬೇಕು. 10 ಮೀಟರಿಗಿಂತ ಕುಳ್ಳಾದ ಒಡ್ಡು ಎಷ್ಟೇ ಹಳೆಯದಿರಲಿ, ಕೆಳಗೆ ಎಷ್ಟೇ ಮನೆಗಳಿರಲಿ, ಈ ಕಾಯ್ದೆಗೆ ಕಾಣುವುದಿಲ್ಲ. ಇನ್ನು ಭಾರತೀಯ ಮಾನಕದ ಪ್ರಕಾರ ಸಣ್ಣ ಅಣೆಕಟ್ಟಿನ ಕೋಡಿಯನ್ನು ಲೆಕ್ಕ ಹಾಕುವುದು ನೂರು ವರ್ಷಕ್ಕೊಮ್ಮೆಯ ನೆರೆಗೆ. ಕೇಳಲು ಧೈರ್ಯ ಬರುತ್ತದೆ. ಆದರೆ ಅಂದರೆ ವರ್ಷಕ್ಕೆ ನೂರರಲ್ಲಿ ಒಂದು ಪಾಲು. 50 ವರ್ಷದೊಳಗೆ ಅಷ್ಟು ದೊಡ್ಡ ನೆರೆ ಒಮ್ಮೆಯಾದರೂ ಬರುವ ಸಂಭವ ಸುಮಾರು 40 ಪಾಲು. ಮನೆ ಕಟ್ಟಿದವನ ಮಗ ಮುದುಕನಾಗುವುದರೊಳಗೆ.

ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಆ ಬಿರುಕು ಮೊದಲು ಕಾಣುವುದು ದನ ಮೇಯಿಸುವವರಿಗೆ, ಇಂಜಿನಿಯರಿಗಲ್ಲ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಮಲಗಿದ್ದವರು ಕೊಚ್ಚಿಹೋದಾಗ, ನೀರು ಸೋರುವುದನ್ನು ಮೊದಲೇ ತಿಳಿಸಿದ್ದೆವು ಎಂದು ಊರಿನವರು ಹೇಳಿದರು. ಮಂತ್ರಿಯೊಬ್ಬರು ಏಡಿಗಳ ಮೇಲೆ ತಪ್ಪು ಹೊರಿಸಿದರು. ಏಡಿ ಮಣ್ಣು ಕೊರೆಯುವುದೇನೋ ನಿಜ. ಆದರೆ ಏಡಿಗೆ ಅರ್ಜಿ ಓದಲು ಬರುವುದಿಲ್ಲ.

ನಮ್ಮ ‘ಕೆರೆಗೆ ಹಾರ’ದಲ್ಲಿ ನೀರಿಗಾಗಿ ಭಾಗೀರಥಿಯನ್ನು ಕೊಡಬೇಕೆಂದು ತೀರ್ಮಾನಿಸಿದವರು ಅವಳನ್ನು ಕೇಳಲಿಲ್ಲ. ದರ್ಜೆಯ ಕಡತವೂ ಕೆಳಗಿನವರನ್ನು ಎಣಿಸುತ್ತದೆ, ಕೇಳುವುದಿಲ್ಲ. ಕನಿಷ್ಠ, ಮುಂಗಾರಿಗೆ ಮೊದಲು ಗ್ರಾಮಸಭೆಯಲ್ಲಿ ಒಡ್ಡಿನ ಸ್ಥಿತಿಯನ್ನು ಗಟ್ಟಿಯಾಗಿ ಓದಬಹುದು. ನೀರು ಕೋಡಿ ದಾಟಿದರೆ ಯಾರು ಯಾರ ಬಾಗಿಲು ಬಡಿಯಬೇಕು ಎಂದು ಹೆಸರು ಹಿಡಿದು ಹೇಳಬಹುದು. ಇದಕ್ಕೆ ಎತ್ತರದ ಷರತ್ತು ಬೇಕಿಲ್ಲ.

ಅಲ್ಲೂ ಒಂದು ತೊಡಕು ಉಳಿಯುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಎರಡು ರಾತ್ರಿಗೆಂದು ಕುರಿ ತರುಬುವವರು ಯಾವ ಊರಿನ ಸಭೆಗೂ ಸೇರಿದವರಲ್ಲ. ಅವರಿಗೆ ಬಡಿಯಲು ಬಾಗಿಲೂ ಇಲ್ಲ. ಹಳ್ಳದ ದಂಡೆಯಲ್ಲಿ ಅವರ ಕುರಿಹಟ್ಟಿ ಬಿದ್ದ ದಿನ, ಆ ಹೊಲದವರೇ ಹೋಗಿ ಹೇಳಬೇಕು.