ಒಗ್ಗದ ಊಟ ಮತ್ತು ಪ್ರಸಾದದ ಗೌರವ



ದಾಸೋಹದ ಪಂಕ್ತಿಯಲ್ಲಿ ಕೆಲವು ಭಕ್ತರು "ನನಗೆ ಹಾಲು ಬೇಡ" ಎಂದು ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು "ಪ್ರಸಾದಕ್ಕೆ ಬೇಡ ಎನ್ನಬಾರದು" ಎಂದು ಸುರಿದೇ ಬಿಡುತ್ತಾರೆ. ಎಲೆಯಲ್ಲಿ ಬಿಟ್ಟರೆ ಪ್ರಸಾದಕ್ಕೆ ಅಪಚಾರವೆಂಬ ಅಂಜಿಕೆ, ಉಂಡರೆ ರಾತ್ರಿಯೆಲ್ಲ ಹೊಟ್ಟೆನೋವು. ಭಕ್ತರನ್ನು ಹೀಗೆ ಇಕ್ಕಟ್ಟಿಗೆ ದೂಡುವುದು ಧರ್ಮವೇ ಎಂಬುದನ್ನು ನಾವೆಲ್ಲ ವಿಚಾರಿಸಬೇಕಾಗಿದೆ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅದು ನಾಲಗೆಯ ಚಪಲಕ್ಕಲ್ಲ, ಕಾಯದ ಶುದ್ಧಿಗಾಗಿ. ಇಷ್ಟಲಿಂಗವನ್ನು ಧರಿಸಿದ ಶರೀರ ಪೂಜೆಗೂ ಬೇಕು, ಹೊಲದ ಕೆಲಸಕ್ಕೂ ಬೇಕು, ಅಂಗಡಿಯ ವ್ಯವಹಾರಕ್ಕೂ ಬೇಕು. ಅದನ್ನು ತಿಳಿದೂ ತಿಳಿದೂ ನೋಯಿಸುವುದು ಸದಾಚಾರವಾಗದು.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಅರಗಿಸುವ ಕಿಣ್ವ ಅನೇಕರಲ್ಲಿ ಬಾಲ್ಯ ಕಳೆದಂತೆ ಕಡಿಮೆಯಾಗುತ್ತದೆ. ಅರಗದ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗಿ ಹೊಟ್ಟೆಯುಬ್ಬರ, ಭೇದಿ ಆಗುತ್ತವೆ. ಇಂಥವರು ಹಾಲನ್ನು ಪೂರ್ತಿ ಬಿಡಬೇಕೆಂದಿಲ್ಲ. ಊಟದೊಂದಿಗೆ ಸ್ವಲ್ಪ ಹಾಲು ಹಲವರಿಗೆ ನಡೆಯುತ್ತದೆ. ಮೊಸರು, ಮಜ್ಜಿಗೆ ಇನ್ನೂ ಸುಲಭ. ತುಪ್ಪದಲ್ಲಿ ಈ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣದ ಅಂಶಕ್ಕೆ ರಾಗಿಯಿದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಭೋಗಿಯಂದು ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಬಡಿಯುವ ನಮ್ಮ ಸೀಮೆಯವರಿಗೆ ಎಳ್ಳಿನ ಬೆಲೆ ಹೇಳಬೇಕಾಗಿಲ್ಲ.

ಗೋಧಿಯ ಸಂಗತಿ ಬೇರೆ. ಕೆಲವರಿಗೆ ಅದರ ಗ್ಲೂಟನ್ ಅಂಶದಿಂದ ಸೀಲಿಯಾಕ್ ಎಂಬ ರೋಗವುಂಟಾಗಿ ಕರುಳಿನ ಒಳಪದರವೇ ಸವೆಯುತ್ತದೆ. ಮಗು ಬೆಳೆಯದಿದ್ದರೆ, ರಕ್ತಹೀನತೆ ಹೋಗದಿದ್ದರೆ, ಭೇದಿ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ರೋಗ ಪತ್ತೆಯಾಗದೆ ಹೋಗಬಹುದು. ರೋಗ ಖಚಿತವಾದರೆ ಗೋಧಿ, ಜವೆಗೋಧಿ, ರವೆ, ಮೈದಾ, ಶಾವಿಗೆಗಳನ್ನು ಜೀವನಪರ್ಯಂತ ಬಿಡಬೇಕು. ಪುಡಿ ಇಂಗಿನಲ್ಲಿಯೂ ಗೋಧಿ ಹಿಟ್ಟು ಬೆರೆತಿರುವುದುಂಟು. ಜೋಳ, ಸಜ್ಜೆ, ರಾಗಿ, ಅಕ್ಕಿಗಳಲ್ಲಿ ಗ್ಲೂಟನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಎರಡೂ ಬೆರೆಯುತ್ತವೆ. ಇಂಥವರ ಹಿಟ್ಟನ್ನು ಮನೆಯಲ್ಲಿ ಬೇರೆಯಾಗಿ ಬೀಸಿಕೊಳ್ಳುವುದು ಲೇಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಮ್ಮ ಜೋಳದ ರೊಟ್ಟಿಗೆ ಅದಕ್ಕೂ ಮೊದಲೇ ಮಾನವಿತ್ತು.

ಇನ್ನೊಂದು ಎಚ್ಚರ. ಶೇಂಗಾ ಅಥವಾ ಬೇರೇನಾದರೂ ತಿಂದ ಕೂಡಲೇ ತುಟಿ ಬಾತು ಉಸಿರು ಕಟ್ಟಿದರೆ ಅದು ಅಲರ್ಜಿ, ಅಜೀರ್ಣವಲ್ಲ. ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಓಡಬೇಕು. ಅಂಥವರಿಗೆ "ಚಿಟಿಕೆ ಚಟ್ನಿ ಏನು ಮಾಡೀತು" ಎನ್ನುವುದೂ ಅಪಾಯ.

ವ್ಯಾಪಾರಸ್ಥರು ಕೀರ್ದಿ ಬರೆಯುತ್ತಾರೆ. ಹೊಟ್ಟೆಗೂ ಒಂದು ಲೆಕ್ಕ ಇಡೋಣ. ಏನು ಉಂಡೆವು, ಎಷ್ಟು, ಯಾವಾಗ ಬಾಧೆಯಾಯಿತು ಎಂದು ಎರಡು ವಾರ ಬರೆದರೆ ನಷ್ಟದ ಬಾಬು ತಾನೇ ಕಾಣುತ್ತದೆ. ಹಾಲೆಂದು ಸಂಶಯ ಬಂದರೆ ಎರಡು ವಾರ ಬಿಟ್ಟು, ಮತ್ತೆ ಸ್ವಲ್ಪ ಸ್ವಲ್ಪ ಸೇರಿಸಿ ನೋಡಬೇಕು. ಕೂಸಿನ ತಾಯಿಹಾಲನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಿಸಬಾರದು.

ಮನೆಗೆ ಬಂದ ಸೊಸೆ ಹಾಲು ಒಲ್ಲೆನೆಂದರೆ "ನಖರಾ" ಎನ್ನುತ್ತೇವೆ. ಆಕೆ ಸುಮ್ಮನೆ ಕುಡಿದು ಸುಮ್ಮನೆ ನರಳುತ್ತಾಳೆ. ಹಸಿದವರ ಸಂಕಟ ಅರಿಯುವುದೇ ದಾಸೋಹದ ಮೂಲ. ಉಂಡವರ ಸಂಕಟ ಅರಿಯದಿದ್ದರೆ ಅದು ಅರ್ಧ ದಾಸೋಹ. ಬಡಿಸುವವರು ಕೇಳಿ ಬಡಿಸಲಿ. ಉಣ್ಣುವವರು ಸಂಕೋಚವಿಲ್ಲದೆ ಹೇಳಿ, ಒಗ್ಗುವಷ್ಟನ್ನೇ ನೀಡಿಸಿಕೊಂಡು ಎಲೆ ಬರಿದು ಮಾಡಲಿ. ಆಗ ಪ್ರಸಾದವೂ ಕೆಡದು, ಕಾಯವೂ ಕೆಡದು.