ಕೆರೆಯ ಅತಿಥಿಗಳೂ ಹೊಲದ ಒಡೆಯನೂ

ಪರರ ವೆಚ್ಚದಿಂದ ನಡೆಸಿದ ಅತಿಥಿಸತ್ಕಾರವು ಪುಣ್ಯಕಾರ್ಯವೆನಿಸುವುದೇ? ಈ ಪ್ರಶ್ನೆಗಾಗಿ ಧರ್ಮಶಾಸ್ತ್ರದ ಗ್ರಂಥಗಳನ್ನು ತಿರುವಿ ಹಾಕಬೇಕಾದುದಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಯು ಚಳಿಗಾಲ ಬಂದೊಡನೆ ಪ್ರತಿವರ್ಷವೂ ಇದನ್ನು ನಮ್ಮ ಮುಂದಿಡುತ್ತದೆ.

ಈ ಕೆರೆಯು ಹಿರಿದಾದುದಲ್ಲ. ಅದರ ವಿಸ್ತಾರವು ಸುಮಾರು 50 ಹೆಕ್ಟೇರು ಮಾತ್ರ. ಮಳೆಯ ನೀರನ್ನು ತಡೆದು ಒಕ್ಕಲುತನಕ್ಕೆ ಒದಗಿಸಿಕೊಳ್ಳಬೇಕೆಂದು ಮನುಷ್ಯರೇ ಇದನ್ನು ಕಟ್ಟಿದರು. ಬಯಲುಸೀಮೆಯ ಇಂತಹ ಕೆರೆಗಳಲ್ಲಿ ನೀರು ಏರಿಯ ಬಳಿ ಆಳವಾಗಿದ್ದು, ಹಿಂದಕ್ಕೆ ಹೋದಂತೆಲ್ಲ ತೆಳುವಾಗಿ ಹರಡಿ, ಕಡೆಗೆ ನೆಲವೆಂದೂ ನೀರೆಂದೂ ಹೇಳಲಾಗದ ಕೆಸರಿನಲ್ಲಿ ಕೊನೆಗಾಣುವುದು. ಮಳೆಗಾಲವು ಕಳೆದ ಮೇಲೆ ಆ ಕೆಸರಿನ ಅಂಚು ದಿನದಿನಕ್ಕೂ ಒಳಕ್ಕೆ ಸರಿಯುತ್ತದೆ. ನಮ್ಮ ಕಣ್ಣಿಗೆ ನಿರುಪಯೋಗಿಯಾಗಿ ತೋರುವ ಆ ಅಂಚಿನಲ್ಲಿಯೇ ಹುಳು, ಶಂಖದ ಹುಳು, ಮೀನಮರಿ, ಜೊಂಡು, ಎಳೆಹುಲ್ಲು ಇವುಗಳ ಸಮೃದ್ಧಿಯುಂಟು. ಆದುದರಿಂದಲೇ ಅಲ್ಲಿ ಬೆಳ್ಳಕ್ಕಿ, ಕೊಕ್ಕರೆ, ಬಾತುಗಳು ನೆರೆಯುವುವು.

ಬಂದವರಲ್ಲಿ ಮುಖ್ಯನೆಂದರೆ ಪಟ್ಟೆತಲೆಯ ಹೆಬ್ಬಾತು. ಬೂದುಬಣ್ಣದ ಮೈ, ಬಿಳಿಯ ತಲೆಯ ಹಿಂದೆ ಎರಡು ಕರಿಯ ಪಟ್ಟೆಗಳು. ಮಂಗೋಲಿಯ, ಟಿಬೆಟ್ಟುಗಳ ಎತ್ತರದ ಸರೋವರಗಳ ಬಳಿ ಮರಿಮಾಡುವ ಈ ಹಕ್ಕಿಯು ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ತೆಳುವಾದ ಗಾಳಿಯಿಂದಲೂ ಪ್ರಾಣವಾಯುವನ್ನು ಚೆನ್ನಾಗಿ ಹಿಡಿದುಕೊಳ್ಳುವ ಶಕ್ತಿಯು ಅದರ ರಕ್ತಕ್ಕಿದೆ. 7000 ಮೀಟರುಗಳಿಗೂ ಮೇಲೆ ಅದು ಹಾರಿದುದನ್ನು ವಿಜ್ಞಾನಿಗಳು ಉಪಕರಣಗಳಿಂದ ಕಂಡುಕೊಂಡಿರುವರು. ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿಯೆಂದು ಹೇಳುವುದುಂಟು. ಋತುವನ್ನು ತಪ್ಪದೆ ಬರುವ ಇವು ಅತಿಥಿಗಳಿಗಿಂತ ನೆಂಟರೇ ಸರಿ. ಇವುಗಳ ದೆಸೆಯಿಂದ ಈ ಕೆರೆಗೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿ ಸ್ಥಾನವು ದೊರೆತು, ನಾಡಿಗೆಲ್ಲ ಹೆಮ್ಮೆಯಾಯಿತು.

ಆದರೆ ಹೆಬ್ಬಾತು ಮೇಯುವ ಹಕ್ಕಿ. ಕೆರೆಯು ಅದಕ್ಕೆ ಬಿಡಾರ. ಊಟಕ್ಕೆ ಅದು ಸುತ್ತಲಿನ ಹೊಲಗಳಿಗಿಳಿಯುತ್ತದೆ. ಹೆಮ್ಮೆಯು ನಾಡಿನದು, ಮೇಯಿಸಿದ ಪೈರು ಒಬ್ಬ ರೈತನದು.

ಕೆರೆಯನ್ನು ಕಟ್ಟಿದವರು ನಾವು, ಹಕ್ಕಿಗೆ ಅದರಲ್ಲೇನು ಬಾಧ್ಯತೆಯೆಂದು ಕೆಲವರು ಕೇಳಬಹುದು. ಏರಿಯನ್ನು ನಾವು ಕಟ್ಟಿದೆವು, ನಿಜ. ಮಳೆಯನ್ನು ನಾವು ಕರೆಯಲಿಲ್ಲ, ಕೆಸರಿನಲ್ಲಿ ಜೀವವನ್ನು ನಾವು ಬಿತ್ತಲಿಲ್ಲ. ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಧರ್ಮವೆಂದೆಣಿಸಿದುದು, ನೀರು ಬಾಯಾರಿದ ಜೀವಿಗಳಿಗೆಲ್ಲ ಸಲ್ಲುವುದೆಂಬ ಕಾರಣದಿಂದಲೇ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಇವುಗಳ ಬೇಟೆಯನ್ನು ನಿಷೇಧಿಸಿದೆ, ಅದು ಯುಕ್ತವೇ.

ಇನ್ನು ಕೆಲವರು, ರೈತನು ಉದಾರಿಯಾಗಿ ತಾಳಿಕೊಳ್ಳಲೆಂದು ಉಪದೇಶಿಸುವರು. ಔದಾರ್ಯವು ತನ್ನ ಗಂಟಿನಿಂದ ಕೊಡುವವನಲ್ಲಿ ಮಾತ್ರ ಗುಣವೆನಿಸುವುದು. ಅನ್ಯನ ಕಣಜದಿಂದ ಕೊಡಿಸುವವನಲ್ಲಿ ಅದು ಬರಿಯ ಮಾತು. ರೈತನು ತಾನಾಗಿ ಸಹಿಸಿದರೆ ಅದು ಅವನ ದೊಡ್ಡತನ. ಅದನ್ನು ಅವನಿಂದ ಸಾಲದಂತೆ ವಸೂಲು ಮಾಡುವ ಅಧಿಕಾರವು, ದುರ್ಬೀನು ಹಿಡಿದು ಏರಿಯ ಮೇಲೆ ನಿಲ್ಲುವ ನಮಗಿಲ್ಲ.

ಹಾಗಾದರೆ ಮಾರ್ಗವೇನು? ಹಕ್ಕಿಯನ್ನು ಅಟ್ಟುವುದೂ ಅಲ್ಲ, ರೈತನನ್ನು ಗದರಿಸುವುದೂ ಅಲ್ಲ; ಆನಂದವನ್ನು ಹಂಚಿಕೊಂಡವರು ನಷ್ಟವನ್ನೂ ಹಂಚಿಕೊಳ್ಳತಕ್ಕದ್ದು. ಊರಿಗೆ ಬಂದ ನೆಂಟನು ಒಂದೇ ಮನೆಯಲ್ಲಿ ಉಂಡರೆ, ಆ ಮನೆಯ ಅಕ್ಕಿಗೆ ಊರೆಲ್ಲ ಕೈಗೂಡಿಸುವುದು ನ್ಯಾಯ. ಅಷ್ಟನ್ನು ಮಾಡಿದ ಮೇಲೆಯೇ ಆ ಹಕ್ಕಿಗಳನ್ನು ನಮ್ಮ ಅತಿಥಿಗಳೆಂದು ಕರೆಯುವ ಯೋಗ್ಯತೆಯು ನಮಗೆ ಬಂದೀತು.