ಸಹೋದರಿಯ ಪಾಲು ಮತ್ತು ಅಚೌರ್ಯಾಣುವ್ರತ

ಸ್ತ್ರೀಪುರುಷರ ನಡುವಣ ಅಧಿಕಾರದ ಪೈಪೋಟಿಯ ಮಾತು ಬಂದಾಗ ನಮ್ಮ ಹಿರಿಯರು ಸಾಮಾನ್ಯವಾಗಿ ಕಾಲವನ್ನು ದೂರುತ್ತಾರೆ. ಆದರೆ ಆ ಪೈಪೋಟಿ ನಮ್ಮ ಮನೆಗಳೊಳಗೇ ಸದ್ದಿಲ್ಲದೆ ನಡೆಯುವ ಸಂದರ್ಭವೊಂದುಂಟು. ಅದು ಪಿತ್ರಾರ್ಜಿತ ಆಸ್ತಿಯ ವಿಭಾಗ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕದ 1994ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿತಾದರೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಅದು ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತಳ್ಳಿಹಾಕಿತು. ಕಾಯಿದೆ ಇಷ್ಟು ಸ್ಪಷ್ಟವಾದ ಮೇಲೂ ಹಕ್ಕುಬಿಡುಗಡೆ ಪತ್ರದ ರೂಢಿ ಉಳಿದಿದೆ. ರುಜು ಹಾಕಿದ ತಂಗಿ ಸುಶೀಲೆ. ಪತ್ರವನ್ನು ಓದಬೇಕೆಂದವಳು ಜಗಳಗಂಟಿ. ತಂಗಿಯಿಂದ ರುಜು ಪಡೆದವನೇ ಹೆಂಡತಿಯ ತವರಿನ ಪಾಲಿಗಾಗಿ ವಕೀಲರ ಮನೆಗೆ ಎಡತಾಕುವುದೂ ಉಂಟು!

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಎಣಿಸಿದ್ದಾರೆ. ಕೊಳ್ಳುವಾಗ ದೊಡ್ಡ ಅಳತೆ, ಕೊಡುವಾಗ ಚಿಕ್ಕದು. ಅಂಗಡಿಯ ತಕ್ಕಡಿಗೆ ಅಂಜುವ ಶ್ರಾವಕನಿಗೆ ಮನೆಯ ತಕ್ಕಡಿ ಕಾಣುವುದಿಲ್ಲ. “ಒಡವೆ, ಮದುವೆಯ ಖರ್ಚು ಕೊಟ್ಟಿಲ್ಲವೆ?” ಎನ್ನುತ್ತಾನೆ. ಕೊಟ್ಟದ್ದು ನಿಜ. ಗಂಡುಮಕ್ಕಳ ಓದು, ಅಂಗಡಿಗೆ ಹಾಕಿದ ಬಂಡವಾಳ ಇವು ಯಾವ ಖಾತೆಯಲ್ಲಿವೆ? ವೃದ್ಧ ತಂದೆತಾಯಿಗಳನ್ನು ಸಲಹಿದವನ ಶ್ರಮ ಗಣನೆಗೆ ಬರಬೇಕೆಂಬುದು ಮಾತ್ರ ನ್ಯಾಯವಾದ ಮಾತು. ಅದನ್ನು ಸಹೋದರಿಯರ ಎದುರಿಗೇ ಇಟ್ಟು ತೀರ್ಮಾನಿಸಬೇಕು.

ತಂಗಿ ತಾನಾಗಿಯೇ ಬಿಟ್ಟುಕೊಟ್ಟರೆ ಅದು ತ್ಯಾಗವಲ್ಲವೆ? ನಿಶ್ಚಯವಾಗಿಯೂ ಹೌದು. ಆದರೆ ಅದೇ ಗ್ರಂಥವು ತನ್ನದಾದುದನ್ನು ತ್ಯಜಿಸುವುದನ್ನು ದಾನವೆನ್ನುತ್ತದೆ. ತನ್ನದು ಎಷ್ಟೆಂದು ತಿಳಿಸದೆ ಪಡೆದ ರುಜು ದಾನವಾಗದು. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಉಂಟಾದ ಶಾಂತಿಯನ್ನು ಅಹಿಂಸೆಯೆನ್ನಲು ನನಗೆ ಸಂಕೋಚವಾಗುತ್ತದೆ.

ಅಂಥದೊಂದು ಪತ್ರಕ್ಕೆ ಹಿಂದೆ ನಾನೇ ಸಾಕ್ಷಿಯಾಗಿ ರುಜು ಹಾಕಿದ್ದೇನೆ. “ಇದರಲ್ಲಿ ಏನು ಬರೆದಿದೆ, ಅಣ್ಣಾ?” ಎಂದು ಆ ಹೆಣ್ಣುಮಗಳು ಕೇಳಿದಾಗ, “ನನ್ನ ಮೇಲೆ ನಂಬಿಕೆಯಿಲ್ಲವೇನಮ್ಮಾ?” ಎಂಬ ಉತ್ತರ ಬಂದಿತು. ಪತ್ರ ನನ್ನ ಕೈಯಲ್ಲೇ ಇತ್ತು. ಓದಿ ಹೇಳಬಹುದಿತ್ತು, ಹೇಳಲಿಲ್ಲ. ಆ ಸಂಜೆಯ ಪ್ರತಿಕ್ರಮಣದಲ್ಲಿ ಆ ದೋಷ ನನ್ನ ನೆನಪಿಗೂ ಬರಲಿಲ್ಲ.

ಈಚೆಗೆ ನಮ್ಮ ಮನೆಯ ವಿಭಾಗಪತ್ರದ ಕರಡನ್ನು ಮೊದಲು ಮಗಳ ಕೈಗೆ ಕೊಟ್ಟೆ. ಅವಳು ಎರಡು ತಿದ್ದುಪಡಿಗಳನ್ನು ಸೂಚಿಸಿದ್ದಾಳೆ. ಗಂಡುಮಕ್ಕಳಿಗೆ ಅದು ಅಷ್ಟೇನೂ ಹಿಡಿಸಿಲ್ಲ.